ಬಳುವಳಿ ಹಸು

ನಮ್ಮಪ್ಪ ರಾಮಯ್ಯನ ವಿಷಯ ಹೇಳಬೇಕೆಂದರೆ ದನಗಳಿಂದ ಶುರು ಮಾಡಬೇಕು. ಹೆಂಡತಿ ಮಕ್ಕಳ ಸರದಿ ಆಮೇಲೆ. ಬೆಳಿಗ್ಗೆ ಎದ್ದವನು ಮೊದಲು ಕೊಟ್ಟಿಗೆಗೆ ಹೋಗಿ ಒಂದೊಂದು ದನದ ಹಣೆ ಮುಟ್ಟಿ ಬರುತ್ತಿದ್ದ. ನಾವು ಬದುಕಿದ್ದೇವೋ ಇಲ್ಲವೋ ಎಂದು ನೋಡುವುದು ಅದಾದ ಮೇಲೆ. ಇದನ್ನು ನಾನು ಅವನ ಮುಖಕ್ಕೇ ಹೇಳಿದ್ದೇನೆ. ಅವನು ನಕ್ಕುಬಿಟ್ಟಿದ್ದ.

"ನಿಂಗೆ ಹೊಟ್ಟೆ ಹಸಿದ್ರೆ ಊರೆಲ್ಲಾ ಕೇಳಂಗೆ ಕಿರಚ್ತೀಯ ಕಣವ್ವ. ಅವು ಯಾರ್‌ ತಾವ ಯೋಳ್ತವೆ?"

ಅತ್ತಿಬೆಲೆ ಕಡೆ, ಹೊಸೂರು ರಸ್ತೆಯಿಂದ ಸ್ವಲ್ಪ ಒಳಕ್ಕೆ ನಮ್ಮೂರು. ನಾನು ಚಿಕ್ಕವಳಿದ್ದಾಗ ಅಪ್ಪನ ಕೊಟ್ಟಿಗೆಯಲ್ಲಿ ಹಳ್ಳಿಕಾರ್ ದನಗಳು ಸಾಲಾಗಿ ನಿಂತಿರುತ್ತಿದ್ದವು. ಮೇಯಿಸಲು ಗೋಮಾಳವಿತ್ತು, ಬೇಸಿಗೆಯಲ್ಲಿ ಕೆರೆಯಂಗಳವಿತ್ತು. ಗೋಮಾಳದ ಮೇಲೆ ಕಾರ್ಖಾನೆ ಬಂತು, ಕೆರೆಯಂಗಳದ ಮೇಲೆ ಲೇಔಟ್ ಬಂತು. ಅಕ್ಕಪಕ್ಕದವರು ಜಮೀನು ಕೊಟ್ಟು ಪಿ.ಜಿ. ಕಟ್ಟಿಸಿ ಬಾಡಿಗೆ ಎಣಿಸುತ್ತಾ ಕೂತರು. ಅಪ್ಪ ಮಾತ್ರ ತನ್ನ ಮೂರೆಕರೆಯಲ್ಲಿ ರಾಗಿ, ಸೀಮೆಹುಲ್ಲು ಬೆಳೆಯುತ್ತಾ ಇದ್ದುಬಿಟ್ಟ. ಜಮೀನು ಕೇಳಿಕೊಂಡು ಕಾರಿನಲ್ಲಿ ಬಂದವರನ್ನು ಜಗಲಿಯ ಮೇಲೆ ಕೂರಿಸಿ, ಅವ್ವನ ಕೈಲಿ ಮಜ್ಜಿಗೆ ಕೊಡಿಸಿ, "ಸಂದಾಗದಾ ಸಾರ್? ಜಮೀನು ನಿಮಗ್ ಕೊಟ್ಬುಟ್ರೆ ಈ ಮಜ್ಜಿಗೆ ಎಲ್ಲಿಂದ ತರ್ಲಿ ಯೋಳಿ," ಎಂದು ಕಳಿಸುತ್ತಿದ್ದ. ಮಜ್ಜಿಗೆ ಕುಡಿದವರು ಜಗಳವಾಡುವುದಾದರೂ ಹೇಗೆ?

ಮನೆಯವರ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಅವ್ವನಿಗೆ ಗರ್ಭಕೋಶದ ಆಪರೇಷನ್ ಆದಾಗ ಅವಳ ತಲೆ ಬಾಚಿ ಜಡೆ ಹಾಕಿದ್ದು ಅವನೇ. ಹಗ್ಗ ಹೊಸೆದ ಹಾಗೆ ಬಿಗಿಯಾಗಿ ಹೆಣೆದಿದ್ದ. ಆಸ್ಪತ್ರೆಯ ನರ್ಸುಗಳೆಲ್ಲ ಬಂದು ನೋಡಿ ನಕ್ಕರಂತೆ. ನಾನು ಹುಟ್ಟಿದಾಗ, ಹೆಣ್ಣಾಯಿತಲ್ಲ ಎಂದು ಅಜ್ಜಿ ಮುಖ ಗಂಟು ಹಾಕಿಕೊಂಡು ಕೂತಿದ್ದರೆ, ಇವನು ಊರಿಗೆಲ್ಲ ಗಿಣ್ಣು ಹಂಚಿ ಬಂದನಂತೆ.

ಅಂಥ ಅಪ್ಪನೇ ನನ್ನ ಮದುವೆಯ ವರ್ಷ ನನ್ನನ್ನು ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ಜಮೀನಿನಲ್ಲಿ ನನಗೆ ಹಕ್ಕಿಲ್ಲ ಎಂದು ಸಹಿ ಹಾಕಿಸಿದ. ನನ್ನ ಹೊಟ್ಟೆ ಉರಿದುಹೋಯಿತು. ಪಕ್ಕದಲ್ಲಿ ನಿಂತಿದ್ದ ಅವನ ತಂಗಿ ಚನ್ನಕ್ಕ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣೆ, ಇದ್ರಾಗೆ ಅಳಾದೇನೈತೆ?" ಎಂದಳು. ಮನೆಗೆ ಬಂದ ಅಪ್ಪ ಕೊಟ್ಟಿಗೆಯಿಂದ ಒಂದು ಕಡಸನ್ನು ಬಿಚ್ಚಿ, ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟ.

"ಮಣ್ಣು ನಿನ್ನ ತಮ್ಮ ಮುನೀಂದ್ರುಂದು. ಹಸು ನಿಂದು. ಇದು ನಿನ್ನ ಬಳುವಳಿ. ಇದ್ರ ಹೊಟ್ಟೇಲಿ ಹುಟ್ಟಿದ್ದೆಲ್ಲ ನಿಂದೇಯ."

ಬಳುವಳಿ ಎಂದರೆ ತವರಿನವರು ಮಗಳ ಜೊತೆ ಗಂಡನ ಮನೆಗೆ ಅಟ್ಟುವ ಹಸು. ಬೊಮ್ಮನಹಳ್ಳಿಯಲ್ಲಿ ನನ್ನ ಗಂಡ ಗುರುರಾಜ್ ಹಿಡಿದಿದ್ದದ್ದು ಎರಡನೇ ಮಹಡಿಯ ಬಾಡಿಗೆ ಮನೆ. ಮೆಟ್ಟಿಲು ಹತ್ತಿಸಿ ಹಸುವನ್ನು ಅಡುಗೆಮನೆಯಲ್ಲಿ ಕಟ್ಟಲೇ? ಹಾಗಾಗಿ ನನ್ನ ಬಳುವಳಿ ಅಪ್ಪನ ಕೊಟ್ಟಿಗೆಯಲ್ಲೇ ಉಳಿಯಿತು. ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದೆ. ಭಾನುವಾರ ತವರಿಗೆ ಹೋದಾಗಲೆಲ್ಲ ಅಪ್ಪ ನನ್ನನ್ನು ಮೊದಲು ಕೊಟ್ಟಿಗೆಗೆ ಕರೆದೊಯ್ದು, ಬ್ಯಾಂಕಿನವನು ಲೆಕ್ಕ ಒಪ್ಪಿಸುವ ಹಾಗೆ ನನ್ನ ಹಸುವಿನ ಯೋಗಕ್ಷೇಮ ಒಪ್ಪಿಸುತ್ತಿದ್ದ. ನನ್ನ ಸಿಟ್ಟು ಹೋಗಲಿಲ್ಲ. ಭಾನುವಾರ ತಪ್ಪಿಸಲೂ ಇಲ್ಲ.

ವಯಸ್ಸಾದ ಹಾಗೆ ಅಪ್ಪ ಒಂದೊಂದೇ ದನವನ್ನು ನಂಬಿಕೆಯವರಿಗೆ ಕೊಡುತ್ತಾ ಬಂದ. ಕೊನೆಗೆ ಉಳಿದದ್ದು ಬೂದಿ ಒಬ್ಬಳೇ. ನನ್ನ ಬಳುವಳಿಯ ಮೊಮ್ಮಗಳು ಅವಳು, ಮೈಯೆಲ್ಲ ಬೂದಿ ಬಣ್ಣ. ಅಷ್ಟು ಹೊತ್ತಿಗೆ ನನ್ನ ತಮ್ಮ ಮುನೀಂದ್ರ, ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಪಾಳಿ ಮಾಡಿ ಬೇಸತ್ತವನು, ಜಮೀನನ್ನು ಗೋಡೌನಿಗೆ ಕೊಡುವ ಯೋಚನೆ ಮಾಡಿದ್ದ. ಅಪ್ಪ ಕೂಗಾಡಲಿಲ್ಲ. "ಕೊಟ್ಟಿಗೇಲಿ ಒಂದು ದನ ಇರೋಗಂಟ ಆ ಮಾತು ಎತ್ತಲ್ಲ ಅಂತ ಭಾಷೆ ಕೊಡು," ಎಂದು ಮಾತ್ರ ಕೇಳಿದ. ಮುನೀಂದ್ರ ಬೂದಿಯ ಬೆನ್ನು ಮುಟ್ಟಿ ಭಾಷೆ ಕೊಟ್ಟ. ಆಮೇಲೆ ಬೂದಿ ಗಬ್ಬವಾದಳು. ಅಪ್ಪನ ಹಿಗ್ಗು ನೋಡಬೇಕಿತ್ತು. ಮೂರೆಕರೆ ಮಣ್ಣು, ಅಪ್ಪನ ಎಪ್ಪತ್ತು ವರ್ಷದ ಬದುಕು, ಎಲ್ಲವೂ ಆ ಒಂದು ಹಸುವಿನ ಮೇಲೆ ನಿಂತಿದೆ ಎಂದು ಅಪ್ಪನಿಗೂ ಮುನೀಂದ್ರನಿಗೂ ನನಗೂ ಗೊತ್ತಿತ್ತು.

ಆ ಗುರುವಾರ ಬೆಳಕು ಹರಿಯುವಾಗ ಅಪ್ಪ ಕೊಟ್ಟಿಗೆಗೆ ಹೋಗಲು ಎದ್ದವನು ಹಿತ್ತಿಲ ಬಾಗಿಲಲ್ಲೇ ಕೂತು, ಹಾಗೇ ಒರಗಿ ಹೋಗಿಬಿಟ್ಟ. ನನಗೆ ಫೋನ್ ಬಂದಾಗ ನಾನು ಕಾರ್ಖಾನೆಯ ಗೇಟಿನಲ್ಲಿದ್ದೆ. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕುಂಟಿಕೊಂಡು ಬಸ್ಸು ಊರು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅಪ್ಪನನ್ನು ಜಗಲಿಯ ಮೇಲೆ ಕೂರಿಸಿ, ಹಣೆಗೆ ವಿಭೂತಿ ಬಳಿದು, ಬಟ್ಟೆಯಿಂದ ಗಲ್ಲ ಕಟ್ಟಿದ್ದರು. ಆ ಬಾಯಿಯನ್ನು ಹಾಗೆ ಕಟ್ಟಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಅವ್ವನನ್ನು ತಬ್ಬಿಕೊಂಡು ಅತ್ತೆ.

ಜಮೀನಿನ ತೀರಾ ಹಿಂದಿನ ಮೂಲೆಯಲ್ಲಿ, ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡಂತೆ, ಜೆಸಿಬಿ ಗುಂಡಿ ತೋಡುತ್ತಿತ್ತು. "ಆ ಮೂಲೇಲಿ ಯಾಕೋ?" ಎಂದು ಕೇಳಿದೆ. ಮುನೀಂದ್ರ ನನ್ನ ಮುಖ ನೋಡದೆ, "ಅಲ್ಲೇ ಸರಿ ಬಿಡಕ್ಕ, ಅಡ್ಡ ಆಗಲ್ಲ," ಎಂದ. ಯಾವುದಕ್ಕೆ ಅಡ್ಡ ಎಂದು ನಾನು ಕೇಳಲಿಲ್ಲ. ಅರ್ಥವಾಗಿತ್ತು.

ಅಷ್ಟರಲ್ಲಿ ಹಿತ್ತಿಲಿನಿಂದ ನರಳುವ ದನಿ ಕೇಳಿಸಿತು. ಮನುಷ್ಯರದ್ದಲ್ಲ.

"ಬೂದಿಗೆ ಏನಾಗಿದೆ?" ಎಂದೆ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚನ್ನಕ್ಕ ಹೇಳಿದಳು. "ಬೆಳಗ್ಗಿಂದ ನೋಯ್ತಾವಳೆ ಕಣೆ. ನೀರು ಒಡೆದದೆ. ಸೂತಕದ ಮನೆ, ಯಾರು ಓಗ್ತಾರೆ ಒಳೀಕೆ?"

ನಮ್ಮೂರಿನ ಕಟ್ಟಳೆ ಇದು. ಸಾವಾದ ಮನೆಯವರು ಮೂರನೇ ದಿನ ಗುಂಡಿಯ ಮೇಲೆ ಹಾಲುತುಪ್ಪ ಬಿಡುವ ತನಕ ಕೊಟ್ಟಿಗೆಗೆ ಕಾಲಿಡುವಂತಿಲ್ಲ. ಹಾಲು ಕರೆಯುವುದು, ಮೇವು ಹಾಕುವುದು, ಎಲ್ಲ ಬೇರೆ ಕುಲದವರ ಪಾಲು. ಪಕ್ಕದ ನರಸಪ್ಪನ ಮನೆಯಲ್ಲಿ ಸಾವಾದಾಗ ನಮ್ಮಪ್ಪ ಹೋಗುತ್ತಿದ್ದ, ನಮ್ಮ ಮನೆಯಲ್ಲಾದಾಗ ನರಸಪ್ಪ ಬರುತ್ತಿದ್ದ. ತನ್ನ ಅಪ್ಪ ಸತ್ತಾಗ ನಮ್ಮಪ್ಪ ಮೂರು ದಿನವೂ ಕೊಟ್ಟಿಗೆಯ ಹೊರಗೆ ಕೂತು ದನಗಳ ಜೊತೆ ಬರೀ ಮಾತಾಡಿದನಂತೆ, ಒಳಗೆ ಹೋಗಲಿಲ್ಲವಂತೆ. ಈಗ ನರಸಪ್ಪನ ಮಕ್ಕಳು ದನಗಳನ್ನೆಲ್ಲ ಮಾರಿಬಿಟ್ಟಿದ್ದಾರೆ. ನರಸಪ್ಪನಿಗೆ ಲಕ್ವ ಹೊಡೆದು ಬಲಗೈ ಜೋತುಬಿದ್ದಿದೆ. ಅವನು ಬೆಳಿಗ್ಗೆ ಬಂದು ಎಡಗೈಲಿ ಒಂದಿಷ್ಟು ಹುಲ್ಲು ಎಸೆದು, ಕಟ್ಟೆಯ ಮೇಲೆ ಕೂತಿದ್ದ. ಸುತ್ತ ಇರುವುದೆಲ್ಲ ಪಿ.ಜಿ. ಹುಡುಗರು. ಬೇರೆ ಕುಲದವರಿಗೇನೂ ಬರವಿಲ್ಲ. ಹಸುವಿಗೆ ಕೈ ಹಾಕಿ ಗೊತ್ತಿರುವವರು ಒಬ್ಬರೂ ಇಲ್ಲ. ದನದ ಡಾಕ್ಟರಿಗೆ ಯಾರೋ ಆಗಷ್ಟೇ ಫೋನ್ ಮಾಡಿದ್ದರು. ಬೆಳಿಗ್ಗೆಯಿಂದ ಇಷ್ಟು ಜನ, ಯಾರಾದರೂ ಬರುತ್ತಾರೆ, ಯಾರಾದರೂ ಬರುತ್ತಾರೆ ಎಂದು ಕಾಯುತ್ತಾ ಕೂತಿದ್ದರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಜನ!

ನಾನು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ನೀನೆಲ್ಲಿಗೆ ಓಗ್ತೀಯ? ನಿಂಗೂ ಸೂತಕ ಐತೆ!" ಎಂದು ಚನ್ನಕ್ಕ ಎದುರಿಗೆ ಬಂದಳು.

"ನಂಗ್ಯಾವ ಸೂತಕ ಅತ್ತೆ? ಸಹಿ ಹಾಕಿಸ್ಕೊಂಡ ದಿನ ನೀನೇ ಅಂದ್ಯಲ್ಲ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ. ಹೊರಗಿನೋಳು ಕಣೆ ನಾನು. ದಾರಿ ಬಿಡು."

"ಅಕ್ಕಾ," ಎಂದು ಮುನೀಂದ್ರ ನನ್ನ ತೋಳು ಹಿಡಿದ. "ಅಪ್ಪ ಇದ್ದಿದ್ರೆ ಒಪ್ತಿದ್ನಾ?"

"ಅಪ್ಪ ಇದ್ದಿದ್ರೆ ಸೂತಕ ಎಲ್ಲಿಂದ ಬರ್ತಿತ್ತೋ, ಮುಂಡೇದೆ!"

ಕೈ ಕೊಡವಿಕೊಂಡು ಒಳಗೆ ಹೋದೆ. ಬೂದಿ ಪಕ್ಕಕ್ಕೆ ಬಿದ್ದಿದ್ದಳು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಹಿಂದುಗಡೆ ಒಂದೇ ಒಂದು ಗೊರಸು ಹೊರಗೆ ಬಂದು, ಒಣಗಿ ನಿಂತಿತ್ತು. ಎರಡು ಗೊರಸು, ಅದರ ಮೇಲೆ ಮೂತಿ ಬರಬೇಕು. ಇಷ್ಟು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಕುರಿ ಈಯಲಾರದೆ ಒದ್ದಾಡುವಾಗ, "ನಿನ್ನ ಕೈ ಸಣ್ಣದು, ಬಾರವ್ವ," ಎಂದು ಅಪ್ಪ ನನ್ನನ್ನೇ ಕರೆಯುತ್ತಿದ್ದ. ಆ ಕೈ ಈಗ ಹೊಲಿಗೆ ಮಿಷಿನ್ನಿಗೆ ಬಟ್ಟೆ ತಳ್ಳಿ ತಳ್ಳಿ ದಪ್ಪವಾಗಿದೆ.

"ತಲೆ ಎತ್ಲಾಗಿದೆ ನೋಡವ್ವ!" ನರಸಪ್ಪ ಗೋಡೆಯ ಆಚೆಯಿಂದ ಕೂಗಿದ. ಅವನಿಗೆ ಬಾಯಿಯೂ ಸ್ವಲ್ಪ ಸೊಟ್ಟ, ಮಾತು ತೊದಲು. "ಅರಳೆಣ್ಣೆ ಸುರ್ಕೊ ಕೈಗೆ. ಅವಳು ಮುಕ್ಕುವಾಗ ತಳ್ಳಬ್ಯಾಡ. ಉಸುರು ಬಿಟ್ಟಾಗ ತಳ್ಳು."

ಮೊಳಕೈ ದಾಟಿ ಕೈ ಹೋಯಿತು. ಕರುವಿನ ಕತ್ತು ಹಿಂದಕ್ಕೆ ತಿರುಗಿಬಿಟ್ಟಿತ್ತು. ಇನ್ನೊಂದು ಕಾಲು ಮಡಿಚಿಕೊಂಡು ಒಳಗೆ ಸಿಕ್ಕಿಹಾಕಿಕೊಂಡಿತ್ತು. ಬೂದಿ ತಿಣುಕಿ ಮುಕ್ಕಿದಾಗಲೆಲ್ಲ ನನ್ನ ತೋಳಿನ ಮೂಳೆ ಮುರಿಯಿತು ಎನಿಸುತ್ತಿತ್ತು. ಕಿರುಚುತ್ತಿದ್ದೆ. ಅವಳೂ ಕಿರುಚುತ್ತಿದ್ದಳು. ಮಡಿಚಿದ ಕಾಲು ಕೊನೆಗೂ ಬೆರಳಿಗೆ ಸಿಕ್ಕಿತು. ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಒಳಗೆ ಗೀರದ ಹಾಗೆ, ಇಷ್ಟಿಷ್ಟೇ ಮುಂದಕ್ಕೆ ತಂದೆ. ಆಮೇಲೆ ತಲೆ. ಬಾಯಿಯೊಳಗೆ ಬೆರಳು ಹಾಕಿ ದವಡೆ ಹಿಡಿದು ತಿರುಗಿಸಬೇಕು. ಬೆರಳು ಜಾರುತ್ತಲೇ ಇತ್ತು. ಆ ಬಾಯಿ ನನ್ನ ಬೆರಳನ್ನು ಚೀಪಲಿಲ್ಲ. ಚೀಪಬೇಕಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ನನಗೆ ನಾನೇ ಕೂಡ.

ಅಷ್ಟರಲ್ಲಿ ಮುಂದುಗಡೆ ತಮಟೆ ಶುರುವಾಯಿತು.

"ಲಕ್ಷ್ಮೀ!" ಅವ್ವನ ದನಿ. "ಎತ್ತತಾವ್ರೆ ಕಣವ್ವ! ನಿಮ್ಮಪ್ಪನ ಮೊಕ ಒಂದ್ಸಲ ನೋಡ್ಕಂಬಾರೆ!"

ದವಡೆ ಆಗಷ್ಟೇ ಸಿಕ್ಕಿತ್ತು. ಬಿಟ್ಟರೆ ಮತ್ತೆ ಸಿಗುವುದಿಲ್ಲ. "ಬರಲ್ಲ!" ಎಂದು ಕೂಗಿದೆ. ಆ ಮಾತು ಎಷ್ಟು ಕೆಟ್ಟದಾಗಿ ಕೇಳಿಸಿರಬೇಕು ಅವಳಿಗೆ! ಗಂಡನ ಹೆಣ ಎತ್ತುತ್ತಿದ್ದಾರೆ, ಮಗಳು ಬರಲ್ಲ ಎನ್ನುತ್ತಿದ್ದಾಳೆ. ಅಳು ಬಂತು. ಮೂಗು ಒರೆಸಿಕೊಳ್ಳಲೂ ಕೈ ಇರಲಿಲ್ಲ.

ಕೊಟ್ಟಿಗೆಯ ಬಾಗಿಲು ಕತ್ತಲಾಯಿತು. ಮುನೀಂದ್ರ. ಒದ್ದೆ ಪಂಚೆ, ಬರಿಮೈ, ತಲೆ ಬೋಳಿಸಿದ್ದರು. ನನ್ನನ್ನು ಎಳೆದುಕೊಂಡು ಹೋಗಲು ಬಂದಿದ್ದ. ಹೊಸಿಲಿನ ಆಚೆಗೆ ನಿಂತು, "ಬಾರಕ್ಕ, ಎಲ್ರೂ ಕಾಯ್ತಾವ್ರೆ. ಒತ್ತು ಮುಳುಗೋದ್ರೊಳಗೆ ಆಗ್ಬೇಕು," ಎಂದ.

"ಇಬ್ರು ಬೇಕು ಕಣೋ ಎಳೆಯೋಕೆ," ಎಂದೆ. "ನನ್ನ ಕೈಲಿ ಆಗ್ತಿಲ್ಲ."

ಅವನು ಅಲುಗಾಡಲಿಲ್ಲ. ನನಗೆ ರೇಗಿಹೋಯಿತು.

"ನಿಂತ್ಕೊ! ಅಲ್ಲೇ ನಿಂತ್ಕೊ! ಇವಳು ಸತ್ರೆ ನಿನ್ನ ಭಾಷೆನೂ ತೀರ್ತದೆ, ಗೋಡೌನೂ ಬರ್ತದೆ. ಸೂತಕ ಅಂತೆ ಸೂತಕ! ಸುಖವಾಗಿರು ಹೋಗು!"

ಅವನ ಮುಖ ಕಂದಿತು. ಆಮೇಲೆ ಹೊಸಿಲು ದಾಟಿ ಒಳಗೆ ಬಂದುಬಿಟ್ಟ. "ಅಯ್ಯೋ, ಮಡಿಕೆ ಇಡಿಯೋನು ಕೊಟ್ಟಿಗೆಗೆ ಓದ!" ಎಂದು ಚನ್ನಕ್ಕ ಹೊರಗೆ ಬಾಯಿ ಬಡಿದುಕೊಂಡಳು. ಮುನೀಂದ್ರ ಕರುವಿನ ಎರಡೂ ಕಾಲಿಗೆ ಹಗ್ಗ ಬಿಗಿದು, ಗೋಡೆಗೆ ಪಾದ ಕೊಟ್ಟು ಕೂತ. ನಾನು ಒಳಗೆ ತಲೆ ಹಿಡಿದಿದ್ದೆ. ಬೂದಿ ಮುಕ್ಕಿದಾಗ ಎಳೆದ, ಅವಳು ನಿಲ್ಲಿಸಿದಾಗ ನಿಲ್ಲಿಸಿದ. ಯಾರೂ ಹೇಳಿಕೊಡಬೇಕಾಗಲಿಲ್ಲ. ಅವನೂ ರಾಮಯ್ಯನ ಮಗನೇ.

ಕರು ಒಮ್ಮೆಲೇ ಜಾರಿ ನಮ್ಮಿಬ್ಬರ ಮೈಮೇಲೆ ಬಿತ್ತು. ಹೆಣ್ಣುಗರು, ತಾಯಿಯದೇ ಬಣ್ಣ. ಮೂಗಿನ ಲೋಳೆ ತೆಗೆದು ಊದಿದೆ. ಹುಲ್ಲಿನಿಂದ ಮೈ ಉಜ್ಜಿದೆ. ಹಿಂಗಾಲು ಹಿಡಿದು ತಲೆಕೆಳಗೆ ಮಾಡಿ ಕುಲುಕಿದೆವು. ಮುನೀಂದ್ರ, "ಉಸ್ರಾಡೇ, ಉಸ್ರಾಡೇ ನನ್ನವ್ವ," ಎಂದು ಗೋಗರೆಯುತ್ತಿದ್ದ. ಅದು ಯಾವಾಗಲೋ ಹೋಗಿಬಿಟ್ಟಿತ್ತು.

"ಬೂದಿ ಉಳಿದ್ರೆ ಸಾಕಕ್ಕ," ಎಂದ ಮುನೀಂದ್ರ. "ಬೂದಿ ಉಳೀಲಿ." ಅಷ್ಟು ಹೇಳಿ, ರಕ್ತದ ಪಂಚೆಯಲ್ಲೇ ಎದ್ದು ಹೋದ. ಮತ್ತೆ ತಲೆಯ ಮೇಲೆ ನೀರು ಸುರಿದುಕೊಂಡು ಮಡಿಕೆ ಹಿಡಿದನಂತೆ. ತಮಟೆ ಮನೆಯ ಮುಂದಿನಿಂದ ಜಮೀನಿನ ಕಡೆಗೆ ಹೋಯಿತು. ಅವ್ವನ ಗೋಳಾಟವೂ ಅದರ ಹಿಂದೆ ಹೋಯಿತು.

ನಾನು ಹೋಗಲಿಲ್ಲ. ರಕ್ತ ನಿಲ್ಲುತ್ತಿರಲಿಲ್ಲ. ಹಳೇ ಸೀರೆ, ಗೋಣಿ, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿ ಒತ್ತಿ ಹಿಡಿದೆ. ಬೂದಿ ಕತ್ತು ಹೊರಳಿಸಿ ಕರುವಿಗಾಗಿ ಹುಡುಕಿದಳು. ಕರುವನ್ನು ಅವಳ ಮುಂದಕ್ಕೆ ಎಳೆದು ಹಾಕಿದೆ. ಮೂಸಿ, ಬಿಟ್ಟಳು. ತಿಳಿಯಿತು ಅವಳಿಗೆ. ಆಮೇಲೆ ನನ್ನ ತೋಳನ್ನು ನೆಕ್ಕಲು ಶುರು ಮಾಡಿದಳು. ಕರುವಿನ ನೀರೆಲ್ಲ ನನ್ನ ತೋಳಿಗೇ ಮೆತ್ತಿತ್ತಲ್ಲ! ಒರಟು ನಾಲಿಗೆ, ಭುಜದಿಂದ ಬೆರಳ ತನಕ. ಚರ್ಮ ಉರಿಯುತ್ತಿತ್ತು. ತೋಳು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಏಳೇ," ಎಂದೆ. "ಎದ್ದು ನಿಂತ್ಕೊಳೇ ತಾಯಿ. ನೀನೊಬ್ಳು ಇದ್ರೆ ಸಾಕು."

ಜಮೀನಿನ ಮೂಲೆಯಲ್ಲಿ ತಮಟೆ ನಿಂತಿತು. ಅಪ್ಪನಿಗೆ ಮಣ್ಣು ಹಾಕುತ್ತಿದ್ದಾರೆ ಎಂದು ಗೊತ್ತಾಯಿತು. ಹೆತ್ತವನಿಗೆ ಮೂರು ಹಿಡಿ ಮಣ್ಣು, ಅದೂ ನನ್ನ ಕೈಲಿ ಆಗಲಿಲ್ಲ. ಆಗ ನನಗೆ ಅಪ್ಪನ ಮೇಲೆ ಎಂಥ ಕೋಪ ಬಂತೆಂದರೆ, ಒಬ್ಬಳೇ ಕೂತು ಬೈದೆ. ನಿನ್ನ ಕಟ್ಟಳೆಗೆ ಬೆಂಕಿ ಹಾಕ. ಬೆಳಿಗ್ಗೆ ನೀನು ಎದ್ದು ಬಂದದ್ದು ಇವಳಿಗೋಸ್ಕರ. ನಿನ್ನ ಹೆಸರು ಹೇಳಿಕೊಂಡು ಇವಳನ್ನು ಸಾಯಲು ಬಿಟ್ಟರಲ್ಲಪ್ಪ. ಜಮೀನಿಗೆ ಇವಳನ್ನು ಕಾವಲು ಇಟ್ಟೆ, ಇವಳ ಕಾವಲಿಗೆ ಯಾರನ್ನು ಇಟ್ಟೆ?

ಡಾಕ್ಟರು ಬಂದರು. ಪಾಪ, ಓಡಿಕೊಂಡೇ ಬಂದರು. ಬಾಟಲಿ ಕಟ್ಟಿದರು, ಸೂಜಿ ಚುಚ್ಚಿದರು, ಒಳಗೆ ಕೈ ಹಾಕಿ ನೋಡಿದರು. "ಬೆಳಿಗ್ಗೆನೇ ಫೋನ್ ಮಾಡಿದ್ರೆ ಎರಡೂ ಉಳೀತಿದ್ವು ಮೇಡಂ," ಎಂದರು. ಅವರು ಹೇಳಬಾರದಿತ್ತು. ಬಾಟಲಿ ಖಾಲಿಯಾಗುವ ಮೊದಲೇ ನೆಕ್ಕುವುದು ನಿಂತಿತು. ಬೂದಿಯ ತಲೆ ನನ್ನ ತೊಡೆಯ ಮೇಲೆ ಭಾರವಾಯಿತು.

ಮುನೀಂದ್ರ ಬಂದಾಗ ನಾನು ಹಾಗೇ ಕೂತಿದ್ದೆ. ಬಾಗಿಲಲ್ಲಿ ನಿಂತು ನೋಡಿದ. ಅವನ ಹಿಂದೆ ಅವ್ವ, ಅವಳ ಹಿಂದೆ ನರಸಪ್ಪ. "ಯಜಮಾನನ ಇಂದೇನೇ ಓಯ್ತಲ್ಲಪ್ಪ ಬೂದಿ," ಎಂದು ಚನ್ನಕ್ಕ ರಾಗ ತೆಗೆದಳು. "ಬಾಯಿ ಮುಚ್ಚು ಅತ್ತೆ," ಎಂದ ಮುನೀಂದ್ರ. ಹಾಗೆ ಅವನು ಹಿರಿಯರಿಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅವನು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬೂದಿಯ ಬೆನ್ನ ಮೇಲೆ ಕೈ ಇಟ್ಟ.

"ಜೆಸಿಬಿಯೋನು ಇನ್ನೂ ಓಗಿಲ್ಲ," ಎಂದ. "ಹಸು ನಿಂದು ಅಕ್ಕ. ಎಲ್ಲಿ ಹೂಳಾಣ, ಜಾಗ ನೀನೇ ತೋರ್ಸು."

ನಾನು ಎದ್ದೆ. ಕೈ ತೊಳೆಯಲಿಲ್ಲ. ರಾಗಿ ಹೊಲದ ನಡುವಿನ ಬದುವಿನ ಮೇಲೆ ನಡೆದುಕೊಂಡು ಹೋದೆ, ಅವನು ಹಿಂದೆ ಬಂದ. ಅಪ್ಪನ ಗುಂಡಿ ಇದ್ದ ಮೂಲೆಯ ಕಡೆಗೆ ತಿರುಗುತ್ತೇನೆ ಎಂದುಕೊಂಡಿದ್ದನೇನೋ. ನಾನು ತಿರುಗಲಿಲ್ಲ. ಸೀದಾ ರಸ್ತೆಯ ಕಡೆಗೆ ಹೋದೆ. ನಮ್ಮ ಜಮೀನಿಗೆ ಒಳಗೆ ಬರಲು ಇರುವುದು ಅದೊಂದೇ ದಾರಿ. ಎರಡೂ ಪಕ್ಕ ಬೇರೆಯವರ ಕಾಂಪೌಂಡು, ನಡುವೆ ಒಂದು ಲಾರಿ ಹಿಡಿಸುವಷ್ಟು ಜಾಗ. ಅದರ ನಟ್ಟನಡುವೆ ನಿಂತು, ಹಿಮ್ಮಡಿಯಿಂದ ನೆಲಕ್ಕೆ ಗುದ್ದಿದೆ.

"ಇಲ್ಲಿ."

ಮುನೀಂದ್ರ ನನ್ನನ್ನು ನೋಡಿದ. ರಸ್ತೆ ನೋಡಿದ. ಹೂಳಿದ ಜಾಗದ ಮೇಲೆ ಗಾಡಿ ಹಾಯಿಸುವವರು ನಮ್ಮ ಕುಲದಲ್ಲಿ ಇಲ್ಲ, ಅದು ಅವನಿಗೂ ಗೊತ್ತು, ನನಗೂ ಗೊತ್ತು. ಏನಾದರೂ ಅನ್ನಲಿ ಎಂದು ಕಾದೆ. ಜಗಳಕ್ಕೆ ನನ್ನ ಮೈಯೆಲ್ಲ ಸಿದ್ಧವಾಗಿತ್ತು.

ಅವನು ಜೆಸಿಬಿಯವನನ್ನು ಕರೆಯಲಿಲ್ಲ. ಬದುವಿನ ಮೇಲೆ ಬಿದ್ದಿದ್ದ ಅಪ್ಪನ ಸನಿಕೆ ತಂದು, ಅಂಗೈಗೆ ಉಗುಳಿಕೊಂಡು, ನಾನು ಗುದ್ದಿದ ಜಾಗಕ್ಕೇ ಮೊದಲ ಏಟು ಹಾಕಿದ. ಎರಡು ಮೂರು ಏಟಾದ ಮೇಲೆ ನಿಂತ. ಬೋಳು ತಲೆಯ ಮೇಲಿನ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಬೆವರೊಂದೇ ಅಲ್ಲ.

"ಎಷ್ಟು ಆಳ ಅಕ್ಕ?"

"ನಿನ್ನ ಮಕ್ಕಳ ಕೈಲೂ ತೆಗೆಯೋಕೆ ಆಗಬಾರದು ಕಣೋ," ಎಂದೆ. "ಅಷ್ಟು."